ಬಹುಮಾನದ ಸ್ಪರ್ಧೆಯಿಂದ ರಾರಾಮುರಿಗಳ ಓಟ ಉಳಿದೀತೇ?

ಮೆಕ್ಸಿಕೋದ ಚಿವಾವಾ ರಾಜ್ಯದ ಕಡಿದಾದ ಬೆಟ್ಟಕಮರಿಗಳಲ್ಲಿ ಬಾಳುವ ರಾರಾಮುರಿಗಳನ್ನು ಹೊರಜಗತ್ತು ತಾರಾಹುಮಾರಾ ಎಂದೂ ಕರೆಯುತ್ತದೆ. ದೂರದ ಓಟಕ್ಕೆ ಹೆಸರಾದ ಈ ಬುಡಕಟ್ಟಿನ ಪರಂಪರೆಯನ್ನು, ಹೊರಗಿನವರೂ ಪಾಲ್ಗೊಳ್ಳುವ, ಮ್ಯಾರಥಾನ್‌ಗಿಂತಲೂ ಉದ್ದದ ಓಟಗಳಾದ ಅಲ್ಟ್ರಾಮ್ಯಾರಥಾನ್‌ಗಳು ಕಾಪಾಡಬಲ್ಲವೇ? ನನ್ನ ಒಲವು ಇಲ್ಲವೆನ್ನುವ ಪಕ್ಷದ ಕಡೆಗಿದ್ದರೂ ಹೌದೆನ್ನುವವರ ವಾದ ಹಗುರವಾದುದಲ್ಲ.

ಪರ

ಹೊಟ್ಟೆಗೆ ಹಿಟ್ಟಿಲ್ಲದ ಕಡೆ ಪರಂಪರೆಯ ಮಾತು ಜುಟ್ಟಿನ ಮಲ್ಲಿಗೆಯೇ ಸರಿ. 2011ರ ಬರಗಾಲದಲ್ಲಿ ಈ ಬೆಟ್ಟಗಳ ಬೆಳೆ ಒಣಗಿ, ಜನ ಹೊರಗಿನ ಆಹಾರ ನೆರವಿಗೆ ಕೈಯೊಡ್ಡಬೇಕಾಯಿತು. ಮೈಕಾ ಟ್ರೂ ಎಂಬ ಅಮೆರಿಕದ ಓಟಗಾರ 2003ರಲ್ಲಿ ಉರಿಕೆ ಕಣಿವೆಯಲ್ಲಿ ಆರಂಭಿಸಿದ, ಸುಮಾರು ಎಂಬತ್ತು ಕಿಲೋಮೀಟರ್ ಸ್ಪರ್ಧೆಯ ಬೆಲೆ ತಿಳಿಯುವುದು ಇಂಥ ಊರುಗಳಲ್ಲಿಯೇ. ಅಲ್ಲಿ ಓಡಿದ ರಾರಾಮುರಿಗಳಿಗೆ ಮೆಕ್ಕೆಜೋಳ ಸಿಗುತ್ತದೆ. ಅವರ ರೊಟ್ಟಿಯೂ, ಹುರಿದು ಬೀಸಿದ ಪಿನೋಲೆ ಹಿಟ್ಟೂ ಆಗುವ ಧಾನ್ಯವದು.

ಇದಕ್ಕೆ ಮೊದಲು ರಾರಾಮುರಿಗಳೇ ಪರದೇಶಕ್ಕೆ ಹೋಗಿ ಓಡುತ್ತಿದ್ದರು. ಅಮೆರಿಕದ ಕೊಲರಾಡೋ ರಾಜ್ಯದ ಲೆಡ್‌ವಿಲ್‌ನಲ್ಲಿ ನಡೆಯುವ ನೂರು ಮೈಲಿಯ ಓಟವನ್ನು 1993ರಲ್ಲಿ 55 ವರ್ಷದ ವಿಕ್ತೋರಿಯಾನೋ ಚುರ್ರೋ ಗೆದ್ದರು, ಮರುವರ್ಷ ಹುವಾನ್ ಹೆರ್ರೇರಾ ಅದನ್ನು ಹದಿನೇಳೂವರೆ ಗಂಟೆಯಲ್ಲಿ ಮುಗಿಸಿ ದಾಖಲೆ ಬರೆದರು. ಉರಿಕೆಯಲ್ಲಿ ಲೆಕ್ಕ ತಿರುಗಿತು: ಈಗ ಪರದೇಶದವರು ರಾರಾಮುರಿಗಳ ಕಾಲುದಾರಿಗೆ ಬಂದು, ಅವರ ಊರಿನಲ್ಲಿ ಉಂಡು, ಅವರ ಜೊತೆ ಓಡುತ್ತಾರೆ. 2017ರಲ್ಲಿ ಮೆಕ್ಸಿಕೋದ ಪುವೆಬ್ಲಾ ರಾಜ್ಯದ 50 ಕಿಲೋಮೀಟರ್ ಓಟವನ್ನು ಮಹಿಳಾ ವಿಭಾಗದಲ್ಲಿ ಗೆದ್ದ ಲೊರೇನಾ ರಾಮಿರೆಸ್ ತಮ್ಮ ಜನರ ಅಗಲವಾದ ಲಂಗ ಮತ್ತು ಚಪ್ಪಲಿಯನ್ನೇ ತೊಟ್ಟಿದ್ದರು. ಹಿಂದುಳಿದವರ ಉಡುಪೆಂದು ಪಟ್ಟಣದವರು ಕೀಳಾಗಿ ಕಾಣಬಹುದಾದುದನ್ನೇ ತೊಟ್ಟು ಗೆಲ್ಲುವುದನ್ನು ಕಂಡ ಹುಡುಗಿಗೆ ಅದನ್ನು ಕಳಚಿಡುವ ಅವಸರ ಇರಲಾರದು.

ವಿರೋಧ

ಈ ಸ್ಪರ್ಧೆಗಳು ಉಳಿಸುತ್ತಿರುವುದು ಯಾವ ಓಟವನ್ನು ಎಂದು ಮೊದಲು ಕೇಳಬೇಕು. ರಾರಾಮುರಿ ಗಂಡಸರ ಓಟ ರಾರಾಹಿಪಾರಿ. ಎರಡು ತಂಡಗಳು ಒಂದೊಂದು ಮರದ ಚೆಂಡನ್ನು ಪಾದದ ತುದಿಯಿಂದ ಎತ್ತಿ ಎಸೆದು, ಅದರ ಹಿಂದೆ ಓಡಿ, ಬಂಡೆಸಂದಿನಲ್ಲಿ ಸಿಕ್ಕಿಕೊಂಡರೆ ಬಿಡಿಸಿ ಮತ್ತೆ ಎಸೆಯುತ್ತವೆ. ನಿಗದಿಯಾದ ಸುತ್ತುಗಳನ್ನು ಕಲ್ಲುಗಳನ್ನಿಟ್ಟು ಎಣಿಸುತ್ತಾರೆ. ಹೊತ್ತು ಮುಳುಗಿದರೆ ಊರಿನವರು ಪೈನ್ ಮರದ ಪಂಜು ಹಿಡಿದು, ನೀರು-ಪಿನೋಲೆ ಕೊಡುತ್ತ, ಕೂಗಿ ಹುರಿದುಂಬಿಸುತ್ತ ಜೊತೆಗೇ ಓಡುತ್ತಾರೆ. ಎರಡು ಊರುಗಳ ನಡುವೆ ಬಟ್ಟೆ, ದುಡ್ಡು, ಪ್ರಾಣಿಗಳ ಪಣ ಕಟ್ಟಿರುತ್ತಾರೆ. ಹೆಂಗಸರಿಗೂ ಕೋಲಿನಿಂದ ಬಳೆಯೊಂದನ್ನು ಚಿಮ್ಮಿಸಿ ಓಡುವ ಅರಿವೇಟಾ ಇದೆ. ಇವುಗಳಲ್ಲಿ ಗೆಲುವು ತಂಡದ್ದು, ಅದರ ಬೆನ್ನಿಗಿರುವ ಊರಿನದ್ದು. ಒಬ್ಬೊಬ್ಬರ ಎದೆಗೂ ಸಂಖ್ಯೆ ಅಂಟಿಸಿ, ಒಬ್ಬೊಬ್ಬರ ಸಮಯವನ್ನೂ ಗುರುತಿಸುವ ಸ್ಪರ್ಧೆಗೆ ಇದರಿಂದ ದಕ್ಕುವುದು ಓಡಬಲ್ಲ ಕಾಲುಗಳು ಮಾತ್ರ. ಚೆಂಡು, ಪಣ, ಪಂಜು ಮೂರೂ ಆಚೆ ಉಳಿಯುತ್ತವೆ.

ಹುಟ್ಟಾ ಓಟಗಾರರೆಂಬ ಹೊಗಳಿಕೆಯೂ ಅವರಿಗೆ ಉಪಕಾರ ಮಾಡಿಲ್ಲ. ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕಲ್ಪನೆಯನ್ನೇ ತಿರಸ್ಕರಿಸಿತು. ಹೊಲದ ಕೆಲಸ, ಬೆಟ್ಟದ ನಡಿಗೆ, ರಾತ್ರಿಯಿಡೀ ನಡೆಯುವ ಕುಣಿತ, ಇವುಗಳಿಂದ ಆ ಶಕ್ತಿ ಬರುತ್ತದೆ ಎಂದೂ, ಓಟಕ್ಕೆ ಪ್ರಾರ್ಥನೆಯ ಅರ್ಥವೂ ಇದೆ ಎಂದೂ ಅದು ಹೇಳುತ್ತದೆ. ಹಾಗಿದ್ದರೆ ಹೊಲ, ಕಾಡು, ದಾರಿ ಉಳಿಯದೆ ಓಟ ಹೇಗೆ ಉಳಿಯಬೇಕು? ಇದೇ ಜನರಲ್ಲೊಬ್ಬರಾಗಿ ಕಾಡಿನ ಉಳಿವಿಗೆ ಹೋರಾಡಿದ, 2005ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಪಡೆದಿದ್ದ ಇಸಿದ್ರೋ ಬಾಲ್ದೆನೆಗ್ರೋ 2017ರ ಜನವರಿಯಲ್ಲಿ ಗುಂಡೇಟಿಗೆ ಬಲಿಯಾದರು. ಉರಿಕೆಯ ಸ್ಪರ್ಧೆಯೇ 2015ರಲ್ಲಿ ಮಾದಕವಸ್ತು ಗುಂಪುಗಳ ಹಿಂಸೆಯಿಂದಾಗಿ ರದ್ದಾಯಿತು. ಅತಿಥಿ ಓಟಗಾರರು ವಿಮಾನ ಹತ್ತಿ ಊರು ಸೇರಿದರು. ರಾರಾಮುರಿಗಳು ಆ ಬಂದೂಕುಗಳ ನಡುವೆಯೇ ಬದುಕಬೇಕು.

ಕೊಡುವ ಜೋಳವನ್ನು ಯಾರೂ ನಿಲ್ಲಿಸಬೇಕಿಲ್ಲ. ಆದರೆ ಅದನ್ನು ಎಂಬತ್ತು ಕಿಲೋಮೀಟರ್ ಓಡಿ ಗಳಿಸಬೇಕೆಂಬ ಷರತ್ತು ಏಕೆ ಬೇಕು, ಮತ್ತು ಪರಂಪರೆಯ ಹೆಸರಿನಲ್ಲಿ ಸಂಗ್ರಹವಾಗುವ ಹಣ ರಾರಾಮುರಿಗಳ ಅರಣ್ಯ ಹಕ್ಕಿನ ಮೊಕದ್ದಮೆಗಳಿಗೆ ಏಕೆ ಹೋಗಬಾರದು ಎಂಬುದಕ್ಕೆ ಆಯೋಜಕರು ಉತ್ತರ ಕೊಡಬೇಕು.