"ಗಾಡಿ ಚೆನ್ನಾಗೇ ಇದೆ ಸರ್" ಅಂತೆ!

ಚೆನ್ನಾಗಿದ್ದಿದ್ದರೆ ಇರೋ ಕೆಲಸ ಬಿಟ್ಟು ನಿಮ್ಮ ಸರ್ವಿಸ್ ಸೆಂಟರ್ ಸೋಫಾದ ಮೇಲೆ ಕೂರೋಕೆ ಬರುತ್ತಿದ್ದೆನಾ?

ಕಾರು ಇನ್ನೂ ವಾರಂಟಿಯಲ್ಲಿದೆ. ತೊಂದರೆ ಏನು ಅಂದರೆ, ಎಂಜಿನ್ ಚೆನ್ನಾಗಿ ಕಾದ ಮೇಲೆ, ಅದೂ ಟ್ರಾಫಿಕ್‌ನಲ್ಲಿ ತೆವಳುತ್ತಾ ಹೋಗುವಾಗ, ಇದ್ದಕ್ಕಿದ್ದ ಹಾಗೆ ಆಫ್ ಆಗುತ್ತದೆ. ಮೊದಲೇ ಮಿಸ್ಸಿಂಗ್ ಇಲ್ಲ, ಜರ್ಕ್ ಇಲ್ಲ, ಏನೂ ಇಲ್ಲ. ಆರ್‌ಪಿಎಂ ಮುಳ್ಳು ದಬಕ್ಕನೆ ಸೊನ್ನೆಗೆ ಬೀಳುತ್ತದೆ, ಡ್ಯಾಶ್‌ಬೋರ್ಡ್ ತುಂಬಾ ದೀಪ ಹತ್ತಿಕೊಳ್ಳುತ್ತವೆ. ಬ್ರೇಕ್ ಎರಡು ಸಲ ಒತ್ತುವಷ್ಟರಲ್ಲಿ ಪೆಡಲ್ ಗಟ್ಟಿಯಾಗಿಬಿಡುತ್ತದೆ. ಹಿಂದಿನವರೆಲ್ಲ ಹಾರ್ನ್ ಹೊಡೆಯೋಕೆ ಶುರು. ಕೀ ತಿರುಗಿಸಿದರೆ ಸ್ಟಾರ್ಟರ್ ಗರಗರ ಅನ್ನುತ್ತದೆ, ಎಂಜಿನ್ ಮಾತ್ರ ಹಿಡಿಯಲ್ಲ. ಸ್ವಲ್ಪ ಹೊತ್ತು ಬಿಟ್ಟು, ಬಾನೆಟ್ ತಣ್ಣಗಾದ ಮೇಲೆ, ಏನೂ ಆಗೇ ಇಲ್ಲ ಅನ್ನೋ ಹಾಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್!

ಇದನ್ನೆಲ್ಲ ಸರ್ವಿಸ್ ಅಡ್ವೈಸರ್ ಮುಂದೆ ಒಪ್ಪಿಸಿದ್ದೇನೆ. ಬಿಸಿಯಾದ ಮೇಲೆ ಮಾತ್ರ ಆಗುತ್ತೆ ಅಂತ ಒತ್ತಿ ಒತ್ತಿ ಹೇಳಿದ್ದೇನೆ. ಇವರು ಏನು ಮಾಡುತ್ತಾರೆ ಗೊತ್ತಾ? ಗಾಡಿಯನ್ನು ರಾತ್ರಿಯೆಲ್ಲ ನಿಲ್ಲಿಸಿ, ಬೆಳಗ್ಗೆ ತಣ್ಣಗಿರೋ ಎಂಜಿನ್ ಸ್ಟಾರ್ಟ್ ಮಾಡಿ, ಖಾಲಿ ರಸ್ತೆಯಲ್ಲಿ ಒಂದು ರೌಂಡ್ ಹೊಡೆದುಕೊಂಡು ಬರುತ್ತಾರೆ. "ಟೆಸ್ಟ್ ಡ್ರೈವ್ ಮಾಡಿದ್ವಿ ಸರ್, ಏನೂ ಪ್ರಾಬ್ಲಂ ಕಾಣಿಸಲಿಲ್ಲ." ಹೇಗೆ ಕಾಣಿಸುತ್ತೆ ಸ್ವಾಮಿ? ಕಾಯೋಕೆ ಬಿಟ್ಟರೆ ತಾನೇ!

ನನ್ನ ಹತ್ತಿರ ವಿಡಿಯೋ ಇದೆ. ಪಕ್ಕದಲ್ಲಿ ಕೂತವರು ತೆಗೆದದ್ದು. ಗಾಡಿ ಎರಡನೇ ಗೇರ್‌ನಲ್ಲಿ ಇನ್ನೂ ಉರುಳುತ್ತಿದೆ, ನಾನು ಕ್ಲಚ್ ಒತ್ತಿಲ್ಲ, ಅಂದರೆ ಚಕ್ರದ ಜೊತೆ ಎಂಜಿನ್ ತಿರುಗುತ್ತಲೇ ಇದೆ. ಆದರೂ ಮುಳ್ಳು ಸೊನ್ನೆ ತೋರಿಸುತ್ತಿದೆ. ಎಂಜಿನ್ ತಿರುಗುತ್ತಿರುವುದು ಕಾರಿನ ಕಂಪ್ಯೂಟರ್‌ಗೆ ಗೊತ್ತೇ ಆಗುತ್ತಿಲ್ಲ ಅಂತ ಅಲ್ವಾ ಇದರರ್ಥ? ಅದನ್ನು ತಿಳಿಸೋಕೆ ಅಂತಲೇ ಒಂದು ಸೆನ್ಸರ್ ಇರುತ್ತದೆ, ಕ್ರ್ಯಾಂಕ್‌ಶಾಫ್ಟ್ ಪೊಸಿಷನ್ ಸೆನ್ಸರ್. ಆ ಸಿಗ್ನಲ್ ನಿಂತರೆ ಸ್ಪಾರ್ಕ್ ಯಾವಾಗ ಕೊಡಬೇಕು, ಪೆಟ್ರೋಲ್ ಯಾವಾಗ ಚಿಮ್ಮಿಸಬೇಕು ಅನ್ನೋದು ಕಂಪ್ಯೂಟರ್‌ಗೆ ತಿಳಿಯಲ್ಲ, ಎರಡನ್ನೂ ನಿಲ್ಲಿಸಿಬಿಡುತ್ತದೆ. ಕಾದಾಗ ಕೈಕೊಟ್ಟು ತಣ್ಣಗಾದಾಗ ಸರಿಯಾಗೋದು ಈ ಸೆನ್ಸರ್‌ನ ಹಳೇ ಚಾಳಿ. ಸೆನ್ಸರ್ ಅಲ್ಲದಿದ್ದರೆ ಅದರ ವೈರೋ ಕನೆಕ್ಟರೋ ಲೂಸ್ ಇರಬಹುದು. ಅದೇ ಅಂತ ನಾನು ಹಟ ಹಿಡಿಯುತ್ತಿಲ್ಲ. ಅಲ್ಲಿಂದ ಹುಡುಕೋಕೆ ಶುರು ಮಾಡಿ ಅಂತ ಕೇಳುತ್ತಿದ್ದೇನೆ, ಅಷ್ಟೇ.

ಅದಕ್ಕೆ ಬಂದ ಉತ್ತರ: "ವಿಡಿಯೋ ಎಲ್ಲ ನಡೆಯಲ್ಲ ಸರ್, ಸ್ಕ್ಯಾನರ್‌ನಲ್ಲಿ ಕೋಡ್ ಬರಬೇಕು."

ಕೋಡ್ ಅಂದರೆ ದೋಷ ಕಂಡಾಗ ಕಾರಿನ ಕಂಪ್ಯೂಟರ್ ಬರೆದಿಟ್ಟುಕೊಳ್ಳೋ ಗುರುತಿನ ನಂಬರ್. ಸರಿ, ಅದು ಯಾಕೆ ಬಂದಿಲ್ಲ ನೋಡೋಣ. ಎಷ್ಟೋ ದೋಷಗಳು ಒಂದು ಸಲ ಕಾಣಿಸಿದ ಮಾತ್ರಕ್ಕೆ ಚೆಕ್ ಎಂಜಿನ್ ದೀಪ ಹತ್ತಲ್ಲ. ಮೊದಲು ಪೆಂಡಿಂಗ್ ಅಂತ ಒಳಗೇ ಇರುತ್ತದೆ, ಮುಂದಿನ ಓಡಾಟದಲ್ಲೂ ಕಂಡರೆ ಮಾತ್ರ ಪಕ್ಕಾ ಆಗುತ್ತದೆ. ಹಾಗೆ ಪಕ್ಕಾ ಆದ ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಅಂತ ಒಂದು ದಾಖಲೆ ಕೂತಿರುತ್ತದೆ. ಆ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿ ಇತ್ತು, ಗಾಡಿ ಎಷ್ಟು ವೇಗದಲ್ಲಿತ್ತು, ಎಲ್ಲ ಅದರಲ್ಲಿರುತ್ತದೆ. ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್‌ದಾದರೆ ಪಿ0335 ಅನ್ನೋ ಕೋಡ್.

ಈಗ ಇವರ ಘನಕಾರ್ಯ ಕೇಳಿ. ಗಾಡಿ ಒಳಗೆ ಹೋದ ತಕ್ಷಣ ಬ್ಯಾಟರಿ ಟರ್ಮಿನಲ್ ಕಳಚಿದ್ದಾರೆ! "ಒಂದ್ಸಲ ರೀಸೆಟ್ ಮಾಡಿ ನೋಡಿದ್ವಿ ಸರ್" ಅಂತ ಹಲ್ಲು ಕಿರಿದು ಬೇರೆ ಹೇಳುತ್ತಾರೆ. ಎಷ್ಟೋ ಗಾಡಿಗಳಲ್ಲಿ ಪೆಂಡಿಂಗ್ ಕೋಡ್, ಫ್ರೀಜ್ ಫ್ರೇಮ್, ಒಳಗೆ ಏನಿತ್ತೋ ಅದೆಲ್ಲ ಅಲ್ಲಿಗೆ ಸಫಾ. ಆಮೇಲೆ ಸ್ಕ್ಯಾನರ್ ಚುಚ್ಚಿ "ಕೋಡ್ ಇಲ್ಲ" ಅಂದರೆ? ಕಳ್ಳತನ ಆದ ಮನೆಯನ್ನು ಗುಡಿಸಿ ಒರೆಸಿ ಪೊಲೀಸರನ್ನು ಕರೆದ ಹಾಗಾಯಿತು. ನನಗೆ ಜಾಸ್ತಿ ಉರಿದದ್ದೇ ಇದಕ್ಕೆ.

ಮಧ್ಯದಲ್ಲಿ ಥ್ರಾಟಲ್ ಬಾಡಿ ಕ್ಲೀನ್ ಮಾಡಿದರು. ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿದರು. ಪೆಟ್ರೋಲ್ ಸರಿ ಇಲ್ಲ ಅಂದರು. ಕೊನೆಗೆ ನನ್ನ ಡ್ರೈವಿಂಗ್ ಸ್ಟೈಲ್‌ಗೇ ಬಂದರು. ಗಾಡಿ ತಾನಾಗಿ ಆಫ್ ಆಗೋಕೆ ಯಾವ ಸ್ಟೈಲ್‌ನಲ್ಲಿ ಓಡಿಸಬೇಕು ಅಂತ ನನಗಂತೂ ತಿಳಿಯಲಿಲ್ಲ.

ಇವರಿಗೆ ದಾರಿ ಗೊತ್ತಿಲ್ಲ ಅಂತ ನಾನು ನಂಬಲ್ಲ. ಎಂಜಿನ್ ಚಾಲೂ ಇಟ್ಟು ಫ್ಯಾನ್ ತಿರುಗೋವರೆಗೂ ಕಾಯಿಸಿ. ಹೀಟ್ ಗನ್ ಹಿಡಿದು ಸೆನ್ಸರ್ ಬಿಸಿ ಮಾಡಿ ಸಿಗ್ನಲ್ ನೋಡಿ. ವೈರ್ ಹಾರ್ನೆಸ್ ಹಿಡಿದು ಅಲುಗಾಡಿಸಿ ನೋಡಿ. ಅದೂ ಆಗದಿದ್ದರೆ ಲೈವ್ ಡೇಟಾ ರೆಕಾರ್ಡ್ ಆಗೋ ಹಾಗೆ ಉಪಕರಣ ಕಟ್ಟಿ ನನ್ನ ಕೈಗೇ ಕೊಡಿ, ಆಫ್ ಆಗೋವರೆಗೂ ಓಡಿಸುತ್ತೇನೆ. ಆದರೆ ಇದಕ್ಕೆಲ್ಲ ಒಬ್ಬ ಒಳ್ಳೆ ಮೆಕ್ಯಾನಿಕ್ ಗಂಟೆಗಟ್ಟಲೆ ಕೂರಬೇಕು. ವಾರಂಟಿ ಕೆಲಸಕ್ಕೆ ದುಡ್ಡು ಕೊಡೋದು ಕಂಪನಿ, ಕಂಪನಿ ಆಧಾರ ಕೇಳುತ್ತದೆ. ಬಿಚ್ಚಿದ ಪಾರ್ಟ್ ವಾಪಸ್ ತರಿಸಿ ಪರೀಕ್ಷೆ ಮಾಡಿದರೂ ಮಾಡೀತು. ಅನುಮಾನದ ಮೇಲೆ ಹೊಸದು ಹಾಕಿ ಕ್ಲೈಮ್ ತಿರಸ್ಕಾರ ಆದರೆ ಖರ್ಚು ಇವರ ತಲೆಗೆ. ಅದಕ್ಕೇ ಯಾರೂ ಕೈ ಹಾಕಲ್ಲ.

ಅದೇ ವಾರಂಟಿ ಮುಗಿಯಲಿ, ಆಗ ನೋಡಿ ಚಂದ. "ಸೆನ್ಸರ್ ಇರಬಹುದು ಸರ್, ಚೇಂಜ್ ಮಾಡೋಣ. ಹೋಗದಿದ್ರೆ ಕಾಯಿಲ್ ನೋಡೋಣ. ಅದಕ್ಕೂ ಹೋಗದಿದ್ರೆ ಫ್ಯುಯೆಲ್ ಪಂಪ್." ಬಿಲ್ ನನ್ನದಾದರೆ ಅನುಮಾನ ಸಾಕು, ಕಂಪನಿಯದಾದರೆ ಸಾಕ್ಷಿ ಬೇಕು. ಯಾವ ನ್ಯಾಯ ರೀ ಇದು?

ಇನ್ನೊಂದು ಕಿತಾಪತಿ ಇದೆ, ಇದನ್ನು ಸುಮ್ನೆ ಬಿಡೋ ಹಾಗೇ ಇಲ್ಲ. ಹಳೇ ಜಾಬ್ ಕಾರ್ಡ್‌ಗಳನ್ನೆಲ್ಲ ತೆಗೆದು ಓದಿದೆ. ನಾನು ಹೇಳಿದ್ದು "ಬಿಸಿಯಾದ ಮೇಲೆ ಓಡುತ್ತಿರುವಾಗಲೇ ಎಂಜಿನ್ ಆಫ್ ಆಗುತ್ತದೆ" ಅಂತ. ಅವರು ಬರೆದುಕೊಂಡಿರೋದು "ಜನರಲ್ ಚೆಕಪ್". ಒಂದರಲ್ಲಂತೂ "ವಾಷಿಂಗ್" ಅಂತ ಇದೆ! ನಾಳೆ ವಾರಂಟಿ ಮುಗಿದ ಮೇಲೆ, ಇದು ಮೊದಲಿಂದ ಇದ್ದ ದೂರು ಅಂತ ನಾನು ತೋರಿಸಬೇಕಾದರೆ ಈ ಕಾಗದ ಬಿಟ್ಟರೆ ಬೇರೆ ಏನಿದೆ? ಅದರಲ್ಲೇ ನನ್ನ ದೂರು ಇಲ್ಲ. ಇಷ್ಟಾದ ಮೇಲೂ ಸಂಜೆ ಫೋನ್ ಮಾಡಿ "ಫೀಡ್‌ಬ್ಯಾಕ್ ಕಾಲ್ ಬರುತ್ತೆ ಸರ್, 10ಕ್ಕೆ 10 ಕೊಡಿ" ಅಂತ ಗೋಗರೆಯುತ್ತಾರೆ. ಏನು ಕಂಡು ಕೊಡಲಿ?

ಈ ಸಲ ಕೀ ಕೊಡೋ ಮುಂಚೆ ಜಾಬ್ ಕಾರ್ಡ್‌ನಲ್ಲಿ ನನ್ನ ಮಾತು ನಾನು ಹೇಳಿದ ಹಾಗೇ ಬರೆಸುತ್ತೇನೆ. ಕಿಲೋಮೀಟರ್ ರೀಡಿಂಗ್, ತಾರೀಕು, ಹಳೇ ಜಾಬ್ ಕಾರ್ಡ್ ನಂಬರ್‌ಗಳು, ಎಲ್ಲ. ನನ್ನನ್ನು ಕೇಳದೆ ಬ್ಯಾಟರಿ ಕಳಚಬಾರದು ಅಂತಲೂ ಬರೆಯಬೇಕು. ಅದರ ಪ್ರತಿ ವಿಡಿಯೋ ಸಮೇತ ಕಂಪನಿಗೆ ಮೇಲ್ ಹೋಗುತ್ತದೆ. ಅಷ್ಟು ಬರೆಯೋವರೆಗೂ ನಾನು ಸಹಿ ಹಾಕಲ್ಲ. ಕೌಂಟರ್ ಮುಂದೆ ಕ್ಯೂ ಬೆಳೆದರೆ ಬೆಳೆಯಲಿ, ಮ್ಯಾನೇಜರ್ ಬರಲಿ.