ಪರಿಹಾರದ ಸರದಿ ಕೊನೆಗೆ

ಪೈಪ್‌ಲೈನ್ ಹಾಕುವಾಗ ಒಂದು ಕಡೆ ಜೌಗು ನೆಲ ಹಾಳಾದರೆ ಇನ್ನೊಂದು ಕಡೆ ಅಷ್ಟೇ ಎಕರೆ ಬೆಳೆಸಿಕೊಟ್ಟರೆ ಸಾಕು ಎಂದು ಲೇಖನದಲ್ಲಿ ಬರೆದಿದ್ದೀರಿ. ನನಗೆ ಒಪ್ಪಿಗೆಯಿಲ್ಲ. ಅಮೆರಿಕದ ಲೂಯಿಸಿಯಾನಾ ಕರಾವಳಿಯನ್ನೇ ನೋಡಿ. ತೈಲ ಬಾವಿಗಳಿಗೆ ದೋಣಿ ಹೋಗಲಿ ಅಂತ ಜೌಗಿನ ನಡುವೆ ಕಾಲುವೆ ತೋಡಿದರು. ತೆಗೆದ ಕೆಸರನ್ನು ಪಕ್ಕದಲ್ಲೇ ಗುಡ್ಡೆ ಹಾಕಿದರು. ಆ ದಿಬ್ಬ ನೀರಿನ ದಾರಿಗೇ ಅಡ್ಡ ನಿಂತಿತು. ಕಾಲುವೆಯಲ್ಲಿ ಉಪ್ಪುನೀರು ಒಳಗೆ ನುಗ್ಗಿತು. ಹುಲ್ಲು ಸತ್ತಿತು, ಬೇರು ಹಿಡಿದಿಟ್ಟಿದ್ದ ಮಣ್ಣೂ ಕರಗಿಹೋಯಿತು. ಇದನ್ನು ಎಕರೆ ಲೆಕ್ಕದಲ್ಲಿ ತುಂಬಿಕೊಡೋಕೆ ಆಗುತ್ತಾ?

ಜೌಗು ನೆಲದಲ್ಲಿ ಮಣ್ಣು ಸುರಿಯೋಕೆ ಪರ್ಮಿಟ್ ಬೇಕು ಅನ್ನುವ, ಅಲ್ಲಿನ ಶುದ್ಧ ನೀರು ಕಾಯ್ದೆಯ 404ನೇ ಸೆಕ್ಷನ್ನಿನ ನಿಯಮಗಳಲ್ಲೂ ಹಾನಿ ತಪ್ಪಿಸುವುದೇ ಮೊದಲು, ಆಮೇಲೆ ಕಡಿಮೆ ಮಾಡುವುದು, ಬೇರೆ ಕಡೆ ಬೆಳೆಸಿಕೊಡುವಂಥ ಪರಿಹಾರ ಕೊನೆಗೆ. ಹಾಗಾಗಿ ಪರ್ಮಿಟ್ ಕೊಡುವವರು ಪೈಪ್‌ಲೈನಿಗೆ ಬೇರೆ ದಾರಿ ಇದೆಯಾ ಅಂತ ಮೊದಲು ಕೇಳಬೇಕು, ಅಲ್ವಾ?