ಸತ್ಯಾಂಶ: ‘ಯು ನೋ’ ಅನ್ನುವವರಿಗೆ ಇಂಗ್ಲಿಷ್ ಬರಲ್ವಾ?

‘ಮಾತಿನ ಮಧ್ಯೆ ಯು ನೋ, ಐ ಡೋಂಟ್ ನೋ ಅನ್ನುವವರಿಗೆ ಪದಗಳೇ ಗೊತ್ತಿಲ್ಲ’ ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ನಿಜವಲ್ಲ. ಇಂಗ್ಲಿಷ್ ಕಲಿಯುವ ಮಕ್ಕಳನ್ನು ಇದು ಸುಮ್ನೆ ಹೆದರಿಸುತ್ತದೆ.

ಬ್ರಿಟನ್ನಿನ ಜನರ ದಿನನಿತ್ಯದ ಮಾತು ರೆಕಾರ್ಡ್ ಮಾಡಿ ನೋಡಿದಾಗ, ಅತಿ ಹೆಚ್ಚು ಸಲ ಬಂದ ಜೋಡಿಪದಗಳಲ್ಲಿ ‘ಯು ನೋ’ ಮುಂದಿತ್ತು. ‘ದಟ್ ಶಾಪ್, ಯು ನೋ, ನಿಯರ್ ದ ಸ್ಟೇಷನ್’ ಅನ್ನುವವರು, ಆ ಅಂಗಡಿ ನಿಮಗೂ ಗೊತ್ತಲ್ವಾ ಎಂದು ನೋಡುತ್ತಿರುತ್ತಾರೆ. ಎದುರಿನವರು ತಲೆಯಾಡಿಸಿದರೆ ವಿವರಣೆ ಬೇಕಿಲ್ಲ, ಮಾತು ಮುಂದೆ ಹೋಗುತ್ತದೆ.

‘ಐ ಡೋಂಟ್ ನೋ, ಇಟ್ಸ್ ಎ ಬಿಟ್ ಎಕ್ಸ್‌ಪೆನ್ಸಿವ್’ ಅನ್ನುವವರಿಗೆ ಬೆಲೆ ಚೆನ್ನಾಗೇ ಗೊತ್ತು. ಬೇಡ ಅನ್ನುವುದನ್ನು ಮೆತ್ತಗೆ ಹೇಳುತ್ತಿದ್ದಾರೆ, ಅಷ್ಟೇ. ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಂತೂ ‘ಯು ನೋ’, ‘ಐ ಮೀನ್’ ಜಾಸ್ತಿ ಬಳಸುವವರಲ್ಲಿ ಅಚ್ಚುಕಟ್ಟು ಸ್ವಭಾವವೇ ಹೆಚ್ಚು ಕಂಡಿತ್ತು.